ಬ್ರಹ್ಮದೇಶದಲ್ಲಿ ಭಾರತೀಯರ ವಲಸೆ: ಒಂದು ನಾಡಿನ ಲಾಭಹಾನಿಗಳ ವಿಚಾರ

ಉಪೋದ್ಘಾತ

ಜನರು ಒಂದು ನಾಡನ್ನು ಬಿಟ್ಟು ಮತ್ತೊಂದು ನಾಡಿಗೆ ಹೋಗಿ ನೆಲೆಸುವದು ಇತಿಹಾಸದಲ್ಲಿ ಹೊಸ ಸಂಗತಿಯಲ್ಲ. ಮಳೆಯು ತಪ್ಪಿದಾಗ, ಅರಸೊತ್ತಿಗೆಗಳು ಅಳಿದಾಗ, ಸಾಲವು ಹೊಲಮನೆಗಳನ್ನು ನುಂಗಿದಾಗ, ಇಲ್ಲವೆ ದೂರದ ಸೀಮೆಯಲ್ಲಿ ಕೈತುಂಬ ಕೆಲಸವಿದೆಯೆಂಬ ವಾರ್ತೆಯು ಕಿವಿಗೆ ಬಿದ್ದಾಗ ಮನುಷ್ಯನು ಗಂಟು ಕಟ್ಟಿಕೊಂಡು ಹೊರಟೇ ಹೊರಟಿದ್ದಾನೆ. ಹೋದವರಿಗಾಗಿ ಅವರ ತವರುನಾಡು ಮರುಗುತ್ತದೆ. ಅವರು ಕಳಿಸಿದ ಹಣವನ್ನು ಎಣಿಸಿಕೊಳ್ಳುತ್ತದೆ. ಆದರೆ ಬಂದವರಿಂದಾದ ಲಾಭವೆಷ್ಟು, ಹಾನಿಯೆಷ್ಟು ಎಂಬ ಲೆಕ್ಕವನ್ನು ಅವರಿಗೆ ಎಡೆಗೊಟ್ಟ ನಾಡೇ ಬರೆದುಕೊಳ್ಳಬೇಕಾಗುತ್ತದೆ. ಈ ಲೆಕ್ಕವು ಸುಲಭವಾದುದಲ್ಲ. ನಾಡಿನ ಬೊಕ್ಕಸಕ್ಕೆ ಲಾಭವಾಗಿ ಕಂಡದ್ದು ನಾಡಿನ ಒಕ್ಕಲಿಗನಿಗೆ ನಷ್ಟವಾಗಿರಬಹುದು. ಪಟ್ಟಣವನ್ನು ಬೆಳೆಯಿಸಿದ ಕೈಗಳೇ ಪಟ್ಟಣದ ಜನರ ಕಣ್ಣಿಗೆ ಮುಳ್ಳಾಗಿರಬಹುದು. ತಪ್ಪು ಯಾರದು, ಪೆಟ್ಟು ಯಾರಿಗೆ ಬಿದ್ದಿತು ಎಂಬದನ್ನು ನಿಧಾನಿಸಿ ನೋಡಿದ ಹೊರತು ಇಂಥ ವಿಷಯದಲ್ಲಿ ತೀರ್ಮಾನವನ್ನು ಹೇಳಲಾಗದು.

ಹೀಗೆ ನಿಧಾನಿಸಿ ನೋಡುವದಕ್ಕೆ ಬ್ರಹ್ಮದೇಶವು ತಕ್ಕ ದೃಷ್ಟಾಂತವಾಗಿದೆ. ಈಗ ಮ್ಯಾನ್ಮಾರ್ ಎಂದು ಕರೆಯಿಸಿಕೊಳ್ಳುವ ಆ ದೇಶವು 1937ನೆಯ ಇಸವಿಯ ವರೆಗೆ ಬ್ರಿಟಿಶ್ ಹಿಂದುಸ್ಥಾನದ ಒಂದು ಪ್ರಾಂತವಾಗಿತ್ತು. ಕನ್ನಡ ನಾಡಿನ ಹಿರಿಯರಿಗೆ ಅದು ಬರ್ಮಾ ಸಾಗವಾನಿಯ ಹೆಸರಿನಿಂದ ಪರಿಚಿತವಾಗಿತ್ತು. ದಿಲ್ಲಿಯ ಕಡೆಯ ಮೊಗಲ ಬಾದಶಹನಾದ ಬಹಾದ್ದೂರಶಹನು ಸೆರೆಯಾಳಾಗಿ ರಂಗೂನಿಗೆ ಹೋಗಿ 1862ರಲ್ಲಿ ಅಲ್ಲಿಯೇ ಮಡಿದನು. ಬ್ರಹ್ಮದೇಶದ ಕಡೆಯ ಅರಸನಾದ ತೀಬಾನು 1885ರಲ್ಲಿ ಸೆರೆಸಿಕ್ಕು, ಕೊಂಕಣದ ರತ್ನಾಗಿರಿಯಲ್ಲಿ ದಿನಗಳನ್ನು ಕಳೆದು 1916ರಲ್ಲಿ ಅಲ್ಲಿಯೇ ಕಣ್ಣುಮುಚ್ಚಿದನು. ಈ ಇಬ್ಬರು ಅರಸರ ಪ್ರವಾಸಗಳನ್ನು ಇತಿಹಾಸಕಾರರು ಬರೆದಿಟ್ಟಿದ್ದಾರೆ. ಆದರೆ ಅದೇ ಸಮುದ್ರವನ್ನು ಹಡಗಿನ ಅಟ್ಟದ ಮೇಲೆ ಕುಳಿತು ದಾಟಿದ ಹೆಸರಿಲ್ಲದ ಲಕ್ಷಾಂತರ ಕೂಲಿಗಳಿಂದಲೇ ಆ ನಾಡಿನ ರೂಪವು ಬದಲಾಯಿತು. ಅವರ ವೃತ್ತಾಂತವೇ ಈ ಲೇಖನದ ವಿಷಯವು.

ನೆಲವು ಜನರನ್ನು ಕರೆದುದು

ಬ್ರಹ್ಮದೇಶವು ಇಂಗ್ಲಿಷರ ಕೈಗೆ ಒಮ್ಮೆಲೆ ಬಂದುದಲ್ಲ. 1826ರಲ್ಲಿ ಅರಾಕಾನ ಹಾಗೂ ತೆನಾಸೆರಿಮ್ ಪ್ರಾಂತಗಳು, 1852ರಲ್ಲಿ ಪೆಗು ಸೀಮೆಯು, ಕೊನೆಗೆ 1885ರಲ್ಲಿ ಮಂಡಾಲೆಯ ರಾಜ್ಯವು, ಹೀಗೆ ಮೂರು ಯುದ್ಧಗಳಲ್ಲಿ ಅದು ತುಂಡುತುಂಡಾಗಿ ಅವರ ವಶವಾಯಿತು. ಇವುಗಳಲ್ಲಿ 1852ರ ವಿಜಯವೇ ಆರ್ಥಿಕ ದೃಷ್ಟಿಯಿಂದ ಹೆಚ್ಚಿನದು. ಐರಾವತಿ ನದಿಯು ಹಲವು ಕವಲುಗಳಾಗಿ ಒಡೆದು ಕಡಲನ್ನು ಕೂಡುವ ತಗ್ಗುಭೂಮಿಯು ಆಗ ಇಂಗ್ಲಿಷರಿಗೆ ದೊರೆಯಿತು. ಅದು ಮೆಕ್ಕಲು ಮಣ್ಣಿನ ನೆಲ, ಮಳೆಗೆ ಕೊರತೆಯಿಲ್ಲ, ಆದರೆ ಬಹುಭಾಗವು ಕಾಡು, ಜವುಗು, ಆನೆಹುಲ್ಲುಗಳಿಂದ ತುಂಬಿ ನಿರ್ಜನವಾಗಿತ್ತು. ಬ್ರಹ್ಮದೇಶದ ಅರಸರು ಅಕ್ಕಿಯನ್ನು ಹೊರನಾಡಿಗೆ ಮಾರಗೊಡುತ್ತಿರಲಿಲ್ಲವಾದ್ದರಿಂದ ಉಂಡು ಮಿಗುವಷ್ಟು ಬೆಳೆಯುವ ಅವಶ್ಯಕತೆಯೂ ಅಲ್ಲಿಯ ಒಕ್ಕಲಿಗನಿಗೆ ಇದ್ದಿಲ್ಲ.

ಹೊಸ ಆಳಿಕೆಯು ಈ ನಿರ್ಬಂಧವನ್ನು ತೆಗೆದುಹಾಕಿತು. 1869ರಲ್ಲಿ ಸುಯೇಜ್ ಕಾಲುವೆಯು ತೆರೆದ ಮೇಲಂತೂ ಯುರೋಪದ ಪೇಟೆಯು ಹತ್ತಿರವಾಯಿತು. ಭತ್ತಕ್ಕೆ ಬೆಲೆ ಬಂದ ಸುದ್ದಿಯನ್ನು ಕೇಳಿ ಮೇಲಿನ ಒಣಸೀಮೆಯ ಬರ್ಮೀ ಒಕ್ಕಲಿಗರು ಸಾವಿರಗಟ್ಟಲೆಯಾಗಿ ಕೆಳಗಿಳಿದು ಬಂದು ಕಾಡನ್ನು ಕಡಿದು ಗದ್ದೆಗಳನ್ನು ಮಾಡಿದರು. 1850ರ ದಶಕದಲ್ಲಿ ಕೆಳಗಿನ ಬ್ರಹ್ಮದೇಶದಲ್ಲಿ 10 ಲಕ್ಷ ಎಕರೆಯಷ್ಟೂ ಇಲ್ಲದ ಭತ್ತದ ಭೂಮಿಯು 1930ರ ವೇಳೆಗೆ 80 ಲಕ್ಷ ಎಕರೆಯನ್ನು ಮೀರಿತು. 1930ರ ಸುಮಾರಿಗೆ ವರ್ಷಕ್ಕೆ ಹತ್ತಿರ ಹತ್ತಿರ 30 ಲಕ್ಷ ಟನ್ನುಗಳಷ್ಟು ಅಕ್ಕಿಯು ಅಲ್ಲಿಯ ಬಂದರಗಳಿಂದ ಹೊರಬೀಳುತ್ತಿತ್ತು. ಜಗತ್ತಿನಲ್ಲಿ ಅಷ್ಟು ಅಕ್ಕಿಯನ್ನು ಮಾರುವ ಬೇರೊಂದು ದೇಶವು ಆಗ ಇರಲಿಲ್ಲ.

ಇಲ್ಲಿ ಒಂದು ಮಾತನ್ನು ಲಕ್ಷ್ಯದಲ್ಲಿಡಬೇಕು. ಕಾಡನ್ನು ಕಡಿದು ನೆಲವನ್ನು ಹಸನುಮಾಡಿದವರು ಮುಖ್ಯವಾಗಿ ಬರ್ಮೀ ಒಕ್ಕಲಿಗರೇ. ಆದರೆ ಬೆಳೆದ ಭತ್ತವನ್ನು ಕೊಯ್ಯಲು, ಹೊರಲು, ಗಿರಣಿಯಲ್ಲಿ ಕುಟ್ಟಲು, ಹಡಗಿಗೆ ತುಂಬಲು, ರೇಲ್ವೆಯ ದಾರಿಗಳನ್ನು ಹಾಸಲು ಬೇಕಾದಷ್ಟು ಜನರು ಆ ನಾಡಿನಲ್ಲಿ ಇದ್ದಿಲ್ಲ. ಸ್ವಂತ ಹೊಲವನ್ನು ಮಾಡಿಕೊಳ್ಳಲು ಅವಕಾಶವಿರುವಾಗ ಪರರ ಗಿರಣಿಯ ದೂಳಿನಲ್ಲಿ ಕೂಲಿ ಮಾಡುವದು ಯಾರಿಗೆ ಬೇಕು? ಆದಕಾರಣ ಕೆಲಸದಾಳುಗಳಿಗಾಗಿ ಬಂಗಾಲ ಉಪಸಾಗರದ ಈಚೆಯ ದಡದತ್ತ ಕಣ್ಣು ಹಾಯಿತು. 1870-80ರ ದಶಕಗಳಲ್ಲಿ ಸರಕಾರವೇ ಧನಸಹಾಯ ಕೊಟ್ಟು ಕೂಲಿಗಳನ್ನು ತರಿಸಲು ಯತ್ನಿಸಿತು. ಆ ಬಳಿಕ ಸಹಾಯದ ಅವಶ್ಯಕತೆಯೇ ಉಳಿಯಲಿಲ್ಲ. ಬಡತನವೂ ಹಡಗಿನ ಕಂಪನಿಗಳೂ ಕೂಡಿ ಆ ಕೆಲಸವನ್ನು ಸಾಗಿಸಿಕೊಂಡು ಹೋದವು.

ಮೇಸ್ತ್ರಿಯೂ ಕೂಲಿಯೂ

ಹೀಗೆ ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರು ಮದರಾಸ ಇಲಾಖೆಯವರು. ಗಂಜಾಮ, ವಿಶಾಖಪಟ್ಟಣ, ಗೋದಾವರಿ ಸೀಮೆಗಳ ತೆಲುಗರೂ, ಕೆಳಗಿನ ಜಿಲ್ಲೆಗಳ ತಮಿಳರೂ ಅವರಲ್ಲಿದ್ದರು. ಚಿತ್ತಗಾಂವದ ಬಂಗಾಲಿಗಳು, ಓರಿಸಾದವರು, ಉತ್ತರ ಹಿಂದುಸ್ಥಾನದ ಸಿಪಾಯಿಗಳು ಹಾಗೂ ಕಾವಲುಗಾರರು, ಗುಜರಾತದ ವ್ಯಾಪಾರಿಗಳು ಮುಂತಾದವರು ಉಳಿದವರು. 1901ರಲ್ಲಿ ಬ್ರಹ್ಮದೇಶದಲ್ಲಿದ್ದ ಭಾರತೀಯರು ಐದೂವರೆ ಲಕ್ಷಕ್ಕೂ ಮಿಕ್ಕಿದ್ದರು. 1931ರ ಖಾನೇಸುಮಾರಿಯಲ್ಲಿ ಅವರ ಸಂಖ್ಯೆಯು 10 ಲಕ್ಷ 17 ಸಾವಿರಕ್ಕೆ ಏರಿತು. ಆಗ ದೇಶದ ಒಟ್ಟು ಜನಸಂಖ್ಯೆಯು 1 ಕೋಟಿ 46 ಲಕ್ಷದಷ್ಟು. ಅಂದರೆ ನೂರಕ್ಕೆ ಏಳು ಜನರು ಭಾರತೀಯರು. 1920ರ ದಶಕದ ಕೊನೆಯ ವರ್ಷಗಳಲ್ಲಿ ವರ್ಷಕ್ಕೆ ಮೂರು-ನಾಲ್ಕು ಲಕ್ಷ ಜನರು ಬಂದಿಳಿಯುತ್ತಿದ್ದರು. ಅದಕ್ಕಿಂತ ಸ್ವಲ್ಪ ಕಡಿಮೆ ಜನರು ಮರಳಿ ಹೋಗುತ್ತಿದ್ದರು. ಬಹುಮಂದಿ ಮೂರು-ನಾಲ್ಕು ವರ್ಷ ದುಡಿದು, ನಾಲ್ಕು ಕಾಸು ಕೂಡಿಸಿಕೊಂಡು, ಊರಿಗೆ ಹಿಂದಿರುಗಬೇಕೆಂಬ ಬಯಕೆಯಿಂದಲೇ ಬಂದವರು.

ಆದರೆ ಬರುವ ಬಗೆಯು ಹೇಗೆ? ಕೂಲಿಯ ಹತ್ತಿರ ಹಡಗಿನ ಬಾಡಿಗೆಗೆ ಹಣವಿರುತ್ತಿರಲಿಲ್ಲ. ಮೇಸ್ತ್ರಿಯೆಂಬವನು ಹಳ್ಳಿಗೆ ಬಂದು, ಮುಂಗಡ ಹಣವನ್ನು ಕೊಟ್ಟು, ಅವನನ್ನು ಕರೆದೊಯ್ಯುತ್ತಿದ್ದನು. ರಂಗೂನಿನಲ್ಲಿ ಇಳಿದ ದಿನದಿಂದಲೇ ಆ ಮುಂಗಡವು ಅವನ ಕಾಲಿಗೆ ಸಂಕೋಲೆಯಾಗುತ್ತಿತ್ತು. ಗಿರಣಿಯ ಧಣಿಯು ಸಂಬಳವನ್ನು ಮೇಸ್ತ್ರಿಯ ಕೈಗೆ ಕೊಡುವನು. ಹಿರಿಯ ಮೇಸ್ತ್ರಿಯು ತನ್ನ ಪಾಲನ್ನು ಮುರಿದುಕೊಂಡು ಕಿರಿಯ ಮೇಸ್ತ್ರಿಗೆ ಕೊಡುವನು. ಅವನು ಮತ್ತೆ ಮುರಿದುಕೊಂಡು ಉಳಿದುದನ್ನು ಕೂಲಿಗೆ ಕೊಡುವನು. ಊಟ, ವಸತಿಗಳ ಖರ್ಚನ್ನೂ ಅದೇ ಖಾತೆಯಲ್ಲಿ ಬರೆಯಲಾಗುತ್ತಿತ್ತು. ಹಿಂದುಸ್ಥಾನದ ಕೂಲಿಕಾರರ ಸ್ಥಿತಿಯನ್ನು ವಿಚಾರಿಸಿ 1931ರಲ್ಲಿ ವರದಿಯನ್ನು ಒಪ್ಪಿಸಿದ ವಿಟ್ಲೆಯವರ ರಾಯಲ್ ಕಮಿಶನ್ನು ಬ್ರಹ್ಮದೇಶದ ಈ ಪದ್ಧತಿಯನ್ನೂ ಪರಿಶೀಲಿಸಿತು. ರಂಗೂನಿನ ಕೂಲಿಗಳ ವಸತಿಗಳಲ್ಲಿ ಒಂದೊಂದು ಕೋಣೆಯಲ್ಲಿ ಹತ್ತಾರು ಜನರು ಪಾಳಿಯ ಮೇಲೆ ಮಲಗುತ್ತಿದ್ದರು. ಹೆಂಡಿರುಮಕ್ಕಳನ್ನು ಕರೆತರುವ ಅನುಕೂಲತೆಯು ಎಲ್ಲಿಂದ ಬರಬೇಕು? ಬಂದವರಲ್ಲಿ ಹೆಂಗಸರು ತೀರ ಕಡಿಮೆ.

ಈ ಪದ್ಧತಿಯ ಪರಿಣಾಮವು ಎರಡು ಬಗೆಯದು. ಕೂಲಿಯು ಅಗ್ಗವಾದ್ದರಿಂದ ಗಿರಣಿಗಳು ಏಳಿಗೆಗೆ ಬಂದವು, ಬಂದರಗಳು ಬೆಳೆದವು, ಸರಕಾರದ ಉತ್ಪನ್ನವು ಹೆಚ್ಚಿತು. ಅದೇ ಅಗ್ಗದ ಕೂಲಿಯು ಮುಂದೆ ಬರ್ಮೀ ಬಡವನು ಆ ಕೆಲಸವನ್ನು ಅರಸಿ ಬಂದಾಗ ಅವನ ಎದುರಿಗೆ ಗೋಡೆಯಾಗಿ ನಿಂತಿತು. ಕೆಲಸವನ್ನು ಕೊಡುವ ಅಧಿಕಾರವು ಮೇಸ್ತ್ರಿಯ ಕೈಯಲ್ಲಿತ್ತು; ಮೇಸ್ತ್ರಿಯು ತನ್ನ ಊರಿನವರನ್ನೂ ತನ್ನ ಸಾಲಗಾರರನ್ನೂ ಬಿಟ್ಟು ಪರರನ್ನು ಸೇರಿಸಿಕೊಳ್ಳುವದು ಅಪರೂಪ. ಅದರಿಂದ ಕೆಲಸಕ್ಕೆ ಬಾಗಿಲು ಎಲ್ಲಿದೆಯೆಂಬದೇ ಬರ್ಮೀಯನಿಗೆ ತಿಳಿಯದಾಯಿತು.

ಸಾಲದ ಹೊಳೆ

ಕೂಲಿಗಳ ಬೆನ್ನಹಿಂದೆ ಬಂದುದು ಹಣ. ಜವುಗು ನೆಲವನ್ನು ಗದ್ದೆಮಾಡುವದಕ್ಕೆ ಎತ್ತು, ಬೀಜ, ಒಡ್ಡು, ಮೊದಲ ಬೆಳೆಯು ಬರುವ ವರೆಗಿನ ಕಾಳುಕಡಿ ಇವೆಲ್ಲ ಬೇಕು. ಇದಕ್ಕೆ ಬೇಕಾದ ಹಣವನ್ನು ಆಂಗ್ಲ ಬ್ಯಾಂಕುಗಳು ಒಕ್ಕಲಿಗನಿಗೆ ಕೊಡಲಿಲ್ಲ. ಆ ಕೆಲಸವನ್ನು ಕೈಕೊಂಡವರು ತಮಿಳುನಾಡಿನ ಚೆಟ್ಟಿನಾಡಿನಿಂದ ಬಂದ ನಾಟುಕೋಟೆ ಚೆಟ್ಟಿಗಳು. ರಂಗೂನಿನ ಮೊಗಲ್ ಬೀದಿಯಲ್ಲಿ ಇವರ ಕೋಠಿಗಳು ಸಾಲಾಗಿದ್ದವು. ಇವರ ಗುಮಾಸ್ತರು ನದಿಯ ಕವಲುಗಳ ಮೇಲಿನ ಹಳ್ಳಿಹಳ್ಳಿಗಳಲ್ಲಿದ್ದರು. 1929-30ರಲ್ಲಿ ನಡೆದ ಬ್ಯಾಂಕಿಂಗ್ ವಿಚಾರಣಾ ಕಮಿಟಿಯ ಅಂದಾಜಿನಂತೆ ಇವರ ಅಂಗಡಿಗಳು ಸುಮಾರು 1,650. ಇವರು ಹರಡಿದ ಸಾಲವು ಸುಮಾರು 75 ಕೋಟಿ ರೂಪಾಯಿ. ಅದರಲ್ಲಿ ಮೂರರಲ್ಲಿ ಎರಡು ಪಾಲು ಒಕ್ಕಲುತನಕ್ಕೆ ಸಂದುದು.

ಚೆಟ್ಟಿಗಳನ್ನು ರಕ್ತಹೀರುವವರೆಂದು ಬಣ್ಣಿಸುವದು ಬಳಿಕ ರೂಢಿಯಾಯಿತು. ಆದರೆ ನಿಜಸ್ಥಿತಿಯು ಅಷ್ಟು ಸರಳವಾದುದಲ್ಲ. ಅಡವಿನ ಸಾಲಕ್ಕೆ ಅವರು ಹಚ್ಚುತ್ತಿದ್ದ ಬಡ್ಡಿಯು ಸ್ಥಳಿಕ ಬರ್ಮೀ ಸಾವಕಾರರ ಬಡ್ಡಿಗಿಂತ ಕಡಿಮೆಯೇ ಇತ್ತು. ಎಷ್ಟೋ ಕಡೆಗಳಲ್ಲಿ ಸ್ಥಳಿಕ ಸಾವಕಾರರೇ ಅವರಿಂದ ಸಾಲ ತಂದು, ಬಡ್ಡಿಯನ್ನು ಹೆಚ್ಚಿಸಿ, ಒಕ್ಕಲಿಗನಿಗೆ ಕೊಡುತ್ತಿದ್ದರು. ಚೆಟ್ಟಿಗಳಿಗೆ ಭೂಮಿಯ ಆಶೆಯೂ ವಿಶೇಷವಾಗಿರಲಿಲ್ಲ. ಕೊಟ್ಟ ಹಣವು ಬಡ್ಡಿಸಹಿತ ಮರಳಿ ಬಂದರೆ ಅವರಿಗೆ ಸಾಕು. ಅವರ ಹಣವಿಲ್ಲದಿದ್ದರೆ ಅಷ್ಟು ಲಕ್ಷ ಎಕರೆ ಭೂಮಿಯು ಅಷ್ಟು ಬೇಗನೆ ಸಾಗುವಳಿಗೆ ಬರುತ್ತಿರಲಿಲ್ಲವೆಂಬದನ್ನು ಅಲ್ಲಿಯ ಆರ್ಥಿಕ ಇತಿಹಾಸವನ್ನು ಬರೆದವರು ಒಪ್ಪಿಕೊಂಡಿದ್ದಾರೆ.

ದೋಷವಿದ್ದುದು ಸಾಲದ ತಳಹದಿಯಲ್ಲಿ. ಭೂಮಿಯನ್ನು ಅಡವಿಟ್ಟು ಸಾಲ ತೆಗೆಯುವ ಹಕ್ಕನ್ನು ಹೊಸ ಕಾನೂನು ಒಕ್ಕಲಿಗನಿಗೆ ಕೊಟ್ಟಿತು. ಆ ಭೂಮಿಯು ಅವನ ಕೈಯಿಂದ ಜಾರಿ ಹೋಗದಂತೆ ಕಾಯುವ ಕಾನೂನನ್ನು ಮಾತ್ರ ಮಾಡಲಿಲ್ಲ. ಪಂಜಾಬದಲ್ಲಿ 1900ರಲ್ಲಿಯೇ ಒಕ್ಕಲಿಗರ ಭೂಮಿಯು ಒಕ್ಕಲಿಗರಲ್ಲದವರಿಗೆ ಹೋಗದಂತೆ ಕಾಯದೆಯಾಗಿತ್ತು. ಬ್ರಹ್ಮದೇಶದಲ್ಲಿ ಅಂಥ ಪ್ರಸ್ತಾಪಗಳು ವರ್ಷಗಟ್ಟಲೆ ಚರ್ಚೆಯಲ್ಲಿಯೇ ಉಳಿದವು. ಇತ್ತ ಭತ್ತವನ್ನು ಕೊಳ್ಳುವ ನಾಲ್ಕು ದೊಡ್ಡ ಯುರೋಪಿಯನ್ ಕಂಪನಿಗಳು 1921ರಲ್ಲಿ ಒಕ್ಕೂಟವನ್ನು ಮಾಡಿಕೊಂಡು, ಭತ್ತದ ಬೆಲೆಯನ್ನು ಮೇಲೇಳಗೊಡದಂತೆ ಹಿಡಿದವು. ಹೀಗೆ ಒಕ್ಕಲಿಗನು ತೆಗೆದುಕೊಳ್ಳುವ ಸಾಲಕ್ಕೆ ಮಿತಿಯಿಲ್ಲ, ಮಾರುವ ಭತ್ತಕ್ಕೆ ನ್ಯಾಯವಾದ ಬೆಲೆಯಿಲ್ಲ ಎಂಬಂತಾಯಿತು.

1929ರ ಬಳಿಕ ಜಗತ್ತನ್ನೆಲ್ಲ ಆವರಿಸಿದ ಮುಗ್ಗಟ್ಟಿನಲ್ಲಿ ಭತ್ತದ ಬೆಲೆಯು ಅರ್ಧಕ್ಕೆ ಇಳಿಯಿತು. ಬೆಲೆ ಇಳಿದರೂ ಸಾಲವು ಇಳಿಯಲಿಲ್ಲ, ಕಂದಾಯವು ಇಳಿಯಲಿಲ್ಲ. ಚೆಟ್ಟಿಗಳಿಗೂ ತಮ್ಮ ಠೇವಣಿದಾರರಿಗೆ ಉತ್ತರ ಹೇಳಬೇಕಾಗಿತ್ತು. ಸಾಲಕ್ಕೆ ಬದಲಾಗಿ ಭೂಮಿಯೇ ಅವರ ಕೈಗೆ ಬಂದಿತು. ಭತ್ತ ಬೆಳೆಯುವ ಮುಖ್ಯವಾದ 13 ಜಿಲ್ಲೆಗಳಲ್ಲಿ 1930ರಲ್ಲಿ ನೂರಕ್ಕೆ 6ರಷ್ಟು ಭೂಮಿಯು ಅವರ ಸ್ವಾಧೀನದಲ್ಲಿದ್ದಿತು. 1938ರ ಹೊತ್ತಿಗೆ ಅದು ನೂರಕ್ಕೆ 25 ಆಯಿತು. ಕಾಡನ್ನು ಕಡಿದು ಗದ್ದೆ ಮಾಡಿದವನ ಮಗನು ಅದೇ ಗದ್ದೆಯಲ್ಲಿ ಗೇಣಿಯಾಳಾದನು. ಗೇಣಿಯೂ ಕೈತಪ್ಪಿದವನು ಕೂಲಿಯನ್ನು ಅರಸುತ್ತ ರಂಗೂನಿನ ದಾರಿಯನ್ನು ಹಿಡಿದನು.

ಕೂಡಿ ಬಾಳದ ಪಟ್ಟಣ

ಆ ಬಡ ಒಕ್ಕಲಿಗನು ಬಂದು ಕಂಡ ರಂಗೂನು ಎಂಥದು? 1931ರಲ್ಲಿ ಆ ಪಟ್ಟಣದ ಜನಸಂಖ್ಯೆಯು ಸುಮಾರು 4 ಲಕ್ಷ. ಅದರಲ್ಲಿ ನೂರಕ್ಕೆ 53 ಜನರು ಭಾರತೀಯರು. ಬರ್ಮೀ ಜನರು ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಬಂದರದ ಹಮಾಲರು, ರಿಕ್ಷಾ ಎಳೆಯುವವರು, ಬೀದಿಗಳನ್ನು ಶುಚಿಮಾಡುವವರು, ರೇಲ್ವೆಯ ನೌಕರರು, ಅಂಚೆಯ ಕಾರಕೂನರು, ಪೋಲೀಸರು, ವೈದ್ಯರು, ವಕೀಲರು, ಹೀಗೆ ಎಲ್ಲ ಮೆಟ್ಟಲುಗಳಲ್ಲಿಯೂ ಭಾರತೀಯರೇ ಕಾಣುತ್ತಿದ್ದರು. ಸ್ವಂತ ದೇಶದ ರಾಜಧಾನಿಯಲ್ಲಿ ಬರ್ಮೀಯನಿಗೆ ಹಿಂದೂಸ್ಥಾನಿಯ ನಾಲ್ಕು ಮಾತುಗಳು ಬಾರದಿದ್ದರೆ ವ್ಯವಹಾರವು ಸಾಗುವದು ಕಷ್ಟವಾಗಿತ್ತು. ಇದರಿಂದ ಅವನ ಮನಸ್ಸಿನಲ್ಲಿ ಹುಟ್ಟಿದ ನೋವು ನಿಜವಾದುದು; ಅದನ್ನು ಬರಿಯ ಅಸೂಯೆಯೆಂದು ತಳ್ಳಿಹಾಕುವದು ನ್ಯಾಯವಲ್ಲ.

ಬ್ರಹ್ಮದೇಶದಲ್ಲಿ ಅಧಿಕಾರಿಯಾಗಿದ್ದು ಆ ನಾಡಿನ ವಿಷಯವಾಗಿ ಆಳವಾಗಿ ಬರೆದ ಜೆ. ಎಸ್. ಫರ್ನಿವಾಲರು ಈ ಸಮಾಜದ ಲಕ್ಷಣವನ್ನು ಚೆನ್ನಾಗಿ ಗುರುತಿಸಿದ್ದಾರೆ. ಯುರೋಪಿಯನ್ನರು, ಚೀನರು, ಭಾರತೀಯರು, ಬರ್ಮೀಯರು ಒಂದೇ ಆಳಿಕೆಯ ಕೆಳಗೆ ಬದುಕುತ್ತಿದ್ದರೂ, ಅವರು ಒಬ್ಬರನ್ನೊಬ್ಬರು ಸಂಧಿಸುತ್ತಿದ್ದುದು ಕೊಡಕೊಳ್ಳುವ ಪೇಟೆಯಲ್ಲಿ ಮಾತ್ರ. ಸಮಾನವಾದ ಇಚ್ಛೆಯಾಗಲಿ, ಎಲ್ಲರ ಹಿತವನ್ನು ನೋಡುವ ಸಂಸ್ಥೆಯಾಗಲಿ ಅವರಲ್ಲಿ ಬೆಳೆಯಲಿಲ್ಲವೆಂಬದು ಅವರ ಮತದ ಸಾರಾಂಶವು. ಪೇಟೆಯಲ್ಲಿ ಮಾತ್ರ ಕೂಡುವವರು ಬೆಲೆ ಬಿದ್ದ ದಿನ ಶತ್ರುಗಳಾಗುವದು ಸ್ವಾಭಾವಿಕವೇ ಸರಿ.

ಕೂಡಿಕೆಯ ಎಳೆಗಳು ಇರಲೇ ಇಲ್ಲವೆಂದಲ್ಲ. ಭಾರತೀಯ ಗಂಡಸರು ಬರ್ಮೀ ಹೆಣ್ಣುಮಕ್ಕಳನ್ನು ಲಗ್ನವಾಗಿ ಆ ನಾಡಿನಲ್ಲಿಯೇ ಬೇರೂರಿದರು. ಮುಸಲ್ಮಾನ ತಂದೆಗೂ ಬರ್ಮೀ ತಾಯಿಗೂ ಹುಟ್ಟಿದ ಸಂತತಿಯವರಿಗೆ ಜೆರ್ಬಾದಿಗಳೆಂಬ ಹೆಸರೇ ಬಂದಿತು. 1931ರಲ್ಲಿ ಅಲ್ಲಿದ್ದ ಭಾರತೀಯರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನರು ಬ್ರಹ್ಮದೇಶದಲ್ಲಿಯೇ ಹುಟ್ಟಿದವರು. ಆದರೆ ಈ ಲಗ್ನಗಳಲ್ಲಿ ಬೌದ್ಧ ಹೆಂಡತಿಯ ಆಸ್ತಿಯ ಹಕ್ಕುಗಳು ಯಾವ ಧರ್ಮಶಾಸ್ತ್ರಕ್ಕೆ ಒಳಪಡಬೇಕೆಂಬ ಪ್ರಶ್ನೆಯು ಬಹುಕಾಲ ಇತ್ಯರ್ಥವಾಗಲಿಲ್ಲ. ಬೌದ್ಧ ಸ್ತ್ರೀಯರ ವಿವಾಹ ಹಾಗೂ ಉತ್ತರಾಧಿಕಾರದ ಕಾಯದೆಯು ಆದುದು 1939ರಲ್ಲಿ. ಅಷ್ಟರಲ್ಲಿ ಸಂಬಂಧವನ್ನು ಬೆಸೆಯಬೇಕಾಗಿದ್ದ ಲಗ್ನವೇ ಕಲಹಕ್ಕೆ ಕಾರಣವಾಗಿಬಿಟ್ಟಿತ್ತು.

ಬಿರುಕು

1930ರ ಮೇ ತಿಂಗಳಲ್ಲಿ ರಂಗೂನು ಬಂದರದ ತೆಲುಗು ಹಮಾಲರು ಹೆಚ್ಚಿನ ಕೂಲಿಗಾಗಿ ಸಂಪು ಹೂಡಿದರು. ಹಡಗುಗಳು ನಿಲ್ಲಬಾರದೆಂದು ಕಂಪನಿಗಳವರು ಬರ್ಮೀ ಕೂಲಿಗಳನ್ನು ಕರೆತಂದರು. ಮುಗ್ಗಟ್ಟಿನಿಂದ ಕಂಗೆಟ್ಟಿದ್ದ ಅವರು ಸಂತೋಷದಿಂದ ಬಂದರು. ಕೆಲವೇ ದಿನಗಳಲ್ಲಿ ಹಳೆಯ ಹಮಾಲರೊಡನೆ ರಾಜಿಯಾಗಲು, ಬರ್ಮೀಯರಿಗೆ ಇನ್ನು ಕೆಲಸವಿಲ್ಲವೆಂದು ಹೇಳಿ ಕಳಿಸಲಾಯಿತು. ಆ ಮುಂಜಾನೆ ಬಂದರದ ಬಾಗಿಲಲ್ಲಿ ಹತ್ತಿದ ಜಗಳವು ಪಟ್ಟಣವನ್ನೆಲ್ಲ ವ್ಯಾಪಿಸಿತು. ನೂರಕ್ಕೂ ಹೆಚ್ಚು ಜನರು ಕೊಲೆಯಾದರು. ಸತ್ತವರಲ್ಲಿ ಬಹುಮಂದಿ ಭಾರತೀಯ ಕೂಲಿಗಳು. ಅಗ್ಗದ ಕೂಲಿಯಿಂದ ಲಾಭವನ್ನು ಪಡೆದ ಧಣಿಗಳ ಕೂದಲೂ ಕೊಂಕಲಿಲ್ಲ. ಒಬ್ಬ ಬಡವನನ್ನು ಇನ್ನೊಬ್ಬ ಬಡವನ ಎದುರಿಗೆ ನಿಲ್ಲಿಸಿದ ಏರ್ಪಾಡು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

ಈ ಗಲಭೆಯ ಬೆನ್ನಿಗೇ 'ದೊಬಾಮಾ' ಎಂಬ ರಾಷ್ಟ್ರೀಯ ಸಂಘವು ಹುಟ್ಟಿತು. ಮುಂದೆ ಸ್ವಾತಂತ್ರ್ಯವನ್ನು ತಂದ ತರುಣರು ಅದರಲ್ಲಿಯೇ ಬೆಳೆದರು. ಅದೇ ವರ್ಷದ ಡಿಸೆಂಬರದಲ್ಲಿ ಥರಾವಡ್ಡಿ ಜಿಲ್ಲೆಯಲ್ಲಿ ಸಯಾಸಾನನ ನೇತೃತ್ವದಲ್ಲಿ ಒಕ್ಕಲಿಗರು ದಂಗೆಯೆದ್ದರು. ಸರಕಾರವು ಅವನನ್ನು 1931ರಲ್ಲಿ ಗಲ್ಲಿಗೇರಿಸಿತು. 1938ರ ಜುಲೈಯಲ್ಲಿ ಮತ್ತೆ ಗಲಭೆಯಾಯಿತು. ಅದಕ್ಕೆ ತಕ್ಷಣದ ಕಾರಣವು ಬೌದ್ಧಮತವನ್ನು ಹಳಿದಿತ್ತೆಂದು ಹೇಳಲಾದ ಒಂದು ಪುಸ್ತಕ. ಪೆಟ್ಟು ತಿಂದವರು ಮುಖ್ಯವಾಗಿ ಮುಸಲ್ಮಾನರು. ಆದರೆ ಗಲಭೆಯನ್ನು ವಿಚಾರಿಸಿದ ಕಮಿಟಿಯು ಭೂಮಿಯನ್ನು ಕಳೆದುಕೊಂಡ ಒಕ್ಕಲಿಗರ ಅಸಮಾಧಾನ, ಅಂಕೆಯಿಲ್ಲದ ವಲಸೆಯ ಭಯ, ಲಗ್ನಗಳ ತೊಡಕು ಇವೇ ಒಳಗಿನ ಬೆಂಕಿಯೆಂದು ಎತ್ತಿ ತೋರಿಸಿತು.

ಜನರ ಬಾಯಲ್ಲಿದ್ದ ಆರೋಪವೊಂದೇ: ಪರದೇಶದವರು ಸ್ವದೇಶದವರ ಅನ್ನವನ್ನು ಕಸಿದುಕೊಂಡರು. ಇದು ಎಷ್ಟರ ಮಟ್ಟಿಗೆ ನಿಜವೆಂಬದನ್ನು ಶೋಧಿಸಲು ಸರಕಾರವು ಜೇಮ್ಸ್ ಬ್ಯಾಕ್ಸ್ಟರರನ್ನು ನೇಮಿಸಿತು. 1941ರಲ್ಲಿ ಪ್ರಕಟವಾದ ಅವರ ವರದಿಯು ಅಂಕಿಗಳನ್ನು ತೂಗಿನೋಡಿ, ಬರ್ಮೀಯರು ಮೊದಲು ಹಿಡಿದಿದ್ದ ಕೆಲಸಗಳಿಂದ ಭಾರತೀಯರು ಅವರನ್ನು ಹೊರದೂಡಿದರೆಂಬದಕ್ಕೆ ಆಧಾರವಿಲ್ಲವೆಂದು ಹೇಳಿತು. ಅವರ ಮತದಲ್ಲಿ ಭಾರತೀಯರ ದುಡಿಮೆಯು ಅದುವರೆಗೆ ಬರ್ಮೀಯರ ದುಡಿಮೆಗೆ ಪೂರಕವಾಗಿಯೇ ಇತ್ತು. ಆದರೂ ಕಾಲವು ಬದಲಾಗಿದೆ, ಬರ್ಮೀಯರೂ ಆ ಕೆಲಸಗಳನ್ನು ಬಯಸುತ್ತಿದ್ದಾರೆ, ಆದ್ದರಿಂದ ವಲಸೆಯನ್ನು ಕ್ರಮಕ್ಕೆ ತರುವದು ಅವಶ್ಯವೆಂಬ ಅಭಿಪ್ರಾಯವೂ ಅದರಲ್ಲಿದ್ದಿತು. ಅದೇ ವರ್ಷ ಎರಡೂ ಸರಕಾರಗಳ ನಡುವೆ ಒಂದು ವಲಸೆಯ ಒಪ್ಪಂದವು ಆಯಿತು. ಹಿಂದುಸ್ಥಾನದಲ್ಲಿ ಅದನ್ನು ಗಾಂಧೀಜಿಯವರೇ ಮೊದಲಾಗಿ ಹಲವರು ಖಂಡಿಸಿದರು. ಹದವಾದ ತೀರ್ಪು ದೊರೆತಾಗ ಅದನ್ನು ಕೇಳುವ ತಾಳ್ಮೆಯು ಎರಡೂ ಕಡೆಗೆ ಉಳಿದಿರಲಿಲ್ಲ, ಕಾಲವೂ ಉಳಿದಿರಲಿಲ್ಲ.

ಮರುವಲಸೆ

1941ರ ಡಿಸೆಂಬರ 23ರಂದು ರಂಗೂನಿನ ಮೇಲೆ ಜಪಾನಿನ ಬಾಂಬುಗಳು ಬಿದ್ದವು. ಸಾವಿರಾರು ಭಾರತೀಯ ಕೂಲಿಗಳು ಪಟ್ಟಣವನ್ನು ಬಿಟ್ಟು ಉತ್ತರಕ್ಕೆ ನಡೆದರು. ಅವರಿಲ್ಲದೆ ಬಂದರವು ಸ್ತಬ್ಧವಾಯಿತು, ಬೀದಿಗಳಲ್ಲಿ ಕಸವು ಉಳಿಯಿತು. ಆಗ ಸರಕಾರವು ಅವರನ್ನು ನಡುದಾರಿಯಲ್ಲಿ ತಡೆದು, ಸಮಾಧಾನ ಹೇಳಿ, ಮರಳಿ ಕರೆತಂದಿತು. ನಾಡಿನ ದಿನದಿನದ ಬದುಕು ಯಾರ ಹೆಗಲಮೇಲೆ ನಿಂತಿದ್ದಿತೆಂಬದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ. ಆದರೆ 1942ರ ಮಾರ್ಚ 8ರಂದು ರಂಗೂನು ಜಪಾನೀಯರ ಕೈಸೇರಿತು. ಅದೇ ತಿಂಗಳುಗಳಲ್ಲಿ ನಾಲ್ಕು-ಐದು ಲಕ್ಷ ಭಾರತೀಯರು, ಹಣವುಳ್ಳವರು ಹಡಗು-ವಿಮಾನಗಳಿಂದಲೂ ಬಡವರು ಕಾಲ್ನಡಿಗೆಯಿಂದಲೂ, ಮರಳಿ ಹೊರಟರು. ಅರಾಕಾನದ ಕಣಿವೆಗಳಿಂದ, ತಾಮೂ ದಾರಿಯಿಂದ ಮಣಿಪುರಕ್ಕೆ, ಹುಕಾಂಗ ಕಣಿವೆಯಿಂದ ಅಸ್ಸಾಮದ ಲೇಡೋವಿಗೆ, ಹೀಗೆ ಮಳೆಯಲ್ಲಿ, ಕಾಡಿನಲ್ಲಿ, ಕಾಲರಾ-ಮಲೇರಿಯಾಗಳ ನಡುವೆ ಅವರು ನಡೆದರು. ದಾರಿಯಲ್ಲಿ ಬಿದ್ದು ಸತ್ತವರನ್ನು ಎಣಿಸಿದವರಿಲ್ಲ. ಅವರು ಹತ್ತಾರು ಸಾವಿರವೆಂಬದು ನಿರ್ವಿವಾದ. ಬ್ರಹ್ಮದೇಶದ ಅಕ್ಕಿಯು ಬರುವದು ನಿಂತುದು 1943ರ ಬಂಗಾಲದ ಭೀಕರ ಕ್ಷಾಮದ ಕಾರಣಗಳಲ್ಲಿ ಒಂದಾಯಿತು.

1948ರ ಜನೆವರಿ 4ರಂದು ಬ್ರಹ್ಮದೇಶವು ಸ್ವತಂತ್ರವಾಯಿತು. ಅದೇ ವರ್ಷ ಭೂಮಿಯನ್ನು ರಾಷ್ಟ್ರೀಕರಿಸುವ ಕಾಯದೆಯು ಹೊರಟು, ಚೆಟ್ಟಿಗಳ ಒಡೆತನಕ್ಕೆ ಮಂಗಳ ಹಾಡಲಾಯಿತು. 1962ರಲ್ಲಿ ಸೇನಾಪತಿ ನೆ ವಿನ್ ಅಧಿಕಾರವನ್ನು ಹಿಡಿದ ಬಳಿಕ ಬ್ಯಾಂಕುಗಳೂ ಅಂಗಡಿಗಳೂ ಸರಕಾರದ ವಶವಾದವು. 1964ರಲ್ಲಿ 50 ಹಾಗೂ 100 ಚ್ಯಾಟ್‌ಗಳ ನೋಟುಗಳು ಒಮ್ಮೆಲೆ ರದ್ದಾದವು. ಆ ದಶಕದಲ್ಲಿ ಸುಮಾರು ಮೂರು ಲಕ್ಷ ಭಾರತೀಯರು, ಬಹುತೇಕ ಬರಿಗೈಯಲ್ಲಿ, ಹಡಗು ಹತ್ತಿದರು. ಅವರಲ್ಲಿ ಎಷ್ಟೋ ಮಂದಿಗೆ ಭಾರತವೆಂಬದು ಅಜ್ಜನ ಬಾಯಿಂದ ಕೇಳಿದ ಹೆಸರು ಮಾತ್ರ. ಚೆನ್ನೈಯ ಬಂದರದ ಬಳಿಯಲ್ಲಿರುವ ಬರ್ಮಾ ಬಜಾರು ಅವರ ನೆನಪನ್ನು ಉಳಿಸಿದೆ.

ಪರದೇಶದವರು ಹೋದ ಮೇಲೆ ಸ್ವದೇಶದ ಒಕ್ಕಲಿಗನ ಬಾಳು ಹಸನಾಯಿತೆ? ಭೂಮಿಗೆ ಸರಕಾರವು ಒಡೆಯನಾಯಿತು. ಭತ್ತವನ್ನು ತಾನು ಹೇಳಿದ ಬೆಲೆಗೆ ತನಗೇ ಮಾರಬೇಕೆಂದು ಕಟ್ಟುಮಾಡಿತು. ಸರಕಾರದ ಸಾಲವು ಸಾಲದಾದಾಗ ಅವನು ಹೆಚ್ಚಿನ ಬಡ್ಡಿಗೆ ಸ್ಥಳಿಕ ಸಾವಕಾರನ ಮನೆಗೇ ಹೋಗಬೇಕಾಯಿತು. ಯುದ್ಧಕ್ಕೆ ಮುಂಚೆ 30 ಲಕ್ಷ ಟನ್ನುಗಳಷ್ಟಿದ್ದ ಅಕ್ಕಿಯ ರಫ್ತು 1970ರ ದಶಕದಲ್ಲಿ 10 ಲಕ್ಷ ಟನ್ನುಗಳ ಕೆಳಗೆ ಇಳಿಯಿತು. ಇದಕ್ಕೆಲ್ಲ ಭಾರತೀಯರು ಹೋದುದೊಂದೇ ಕಾರಣವಲ್ಲ. ಯುದ್ಧದ ಹಾಳು, ಒಳಜಗಳಗಳು, ಆಳುವವರ ಅವಿವೇಕ ಇವೂ ಕಾರಣಗಳೇ. ಆದರೆ ಪರದೇಶದವರು ಹೋದರೆ ದಾರಿದ್ರ್ಯವೂ ಹೋದೀತೆಂಬ ಮಾತು ಹುಸಿಯಾದುದಂತೂ ನಿಶ್ಚಯ. ಸಂಶಯದ ರೂಢಿಯಾದರೋ ಉಳಿದುಕೊಂಡಿತು. 1982ರ ಪೌರತ್ವದ ಕಾಯದೆಯು, ಇಂಗ್ಲಿಷರು ಬರುವ ಮುಂಚೆ, ಅಂದರೆ 1823ಕ್ಕೆ ಮೊದಲು, ಆ ನೆಲದಲ್ಲಿ ನೆಲೆಸಿದ್ದ ಜನಾಂಗಗಳಿಗೆ ಸೇರಿದವರಿಗೆ ಮೊದಲ ಸ್ಥಾನವನ್ನು ಕೊಟ್ಟು, ಉಳಿದವರನ್ನು ಕೆಳಗಿನ ಮೆಟ್ಟಲಲ್ಲಿ ನಿಲ್ಲಿಸಿತು. ಅರಾಕಾನದ ರೋಹಿಂಗ್ಯಾ ಮುಸಲ್ಮಾನರು ತಲೆಮಾರುಗಳಿಂದ ಅಲ್ಲಿದ್ದರೂ ಪರದೇಶದವರೆನಿಸಿಕೊಂಡರು. 2017ರಲ್ಲಿ ಅವರಲ್ಲಿ ಏಳು ಲಕ್ಷಕ್ಕಿಂತ ಹೆಚ್ಚು ಜನರು ಸೈನ್ಯದ ಹಿಂಸೆಗೆ ಹೆದರಿ ಬಾಂಗ್ಲಾದೇಶಕ್ಕೆ ಓಡಿಹೋದರು.

ಉಪಸಂಹಾರ

ಈ ದೀರ್ಘವಾದ ವೃತ್ತಾಂತದಿಂದ ತಿಳಿದುಬರುವದೇನು? ವಲಸೆ ಬಂದವರ ದುಡಿಮೆಯಿಂದಲೂ ಹಣದಿಂದಲೂ ಬ್ರಹ್ಮದೇಶದ ಸಂಪತ್ತು ಬೆಳೆಯಿತೆಂಬದು ನಿಸ್ಸಂದೇಹ. ಆ ಸಂಪತ್ತು ಬರ್ಮೀ ಒಕ್ಕಲಿಗನ ಕಣಜವನ್ನು ತುಂಬಲಿಲ್ಲವೆಂಬದೂ ಅಷ್ಟೇ ನಿಸ್ಸಂದೇಹ. ಈ ಎರಡು ಮಾತುಗಳಲ್ಲಿ ಒಂದನ್ನೇ ಹಿಡಿದವರು ಅರ್ಧ ಸತ್ಯವನ್ನು ಹೇಳಿದಂತೆ. ಬಂದವರ ಸಂಖ್ಯೆಯಿಂದ ಆದ ಕೇಡು ಅಲ್ಪ. ಅವರನ್ನು ತಂದ ಬಗೆಯಿಂದ ಆದ ಕೇಡು ಅಪಾರ. ಕೂಲಿಯನ್ನು ಸಾಲದ ಹಗ್ಗದಿಂದ ಕಟ್ಟಿ ತರಲಾಯಿತು. ಒಕ್ಕಲಿಗನ ಭೂಮಿಯನ್ನು ಕಾಯದೆ ಸಾಲದ ಬಾಯಿಗೆ ಬಿಡಲಾಯಿತು. ಇಬ್ಬರನ್ನೂ ಪೇಟೆಯಲ್ಲಿ ಎದುರುಬದುರು ನಿಲ್ಲಿಸಿ, ನೆರೆಹೊರೆಯವರಾಗುವ ದಾರಿಯನ್ನು ತೋರದೆ ಹೋಗಲಾಯಿತು. ಭೂಮಿಯ ರಕ್ಷಣೆ, ಕೂಲಿಯ ನ್ಯಾಯವಾದ ಸಂಬಳ, ಲಗ್ನದ ಕಾಯದೆ, ಪೌರತ್ವದ ಹಾದಿ ಇವುಗಳಲ್ಲಿ ಕೆಲವು ತೀರ ತಡವಾಗಿ ಬಂದವು. ಕೆಲವು ಬರಲೇ ಇಲ್ಲ.

ಇನ್ನೂ ಒಂದು ಮಾತನ್ನು ಮರೆಯಲಾಗದು. ಈ ಏರ್ಪಾಡಿನಿಂದ ಹೆಚ್ಚಿನ ಲಾಭವನ್ನು ಪಡೆದವರು ಅದರ ದಂಡವನ್ನು ತೆರಲಿಲ್ಲ. ಗಿರಣಿಯ ಮಾಲಿಕನು ಹಡಗಿನಲ್ಲಿ ಹೋದನು. ಗಿರಣಿಯಲ್ಲಿ ಮೂಟೆ ಹೊತ್ತವನು ಕಾಡಿನಲ್ಲಿ ಸತ್ತನು. ಕಾಯಕವನ್ನು ಗೌರವಿಸುವ ಯಾವ ಸಮಾಜವೂ ಬಂದ ಕೈಗಳ ದುಡಿಮೆಯನ್ನು ಪಡೆದುಕೊಂಡು ಆ ಕೈಗಳುಳ್ಳ ಮನುಷ್ಯನನ್ನು ಬಾಗಿಲ ಹೊರಗೆ ನಿಲ್ಲಿಸಲಾರದು. ತನ್ನ ಮನೆಯ ಮಗನ ಹೊಲವು ಬಡ್ಡಿಗೆ ಕರಗುವದನ್ನು ನೋಡುತ್ತ ಸುಮ್ಮನೆ ಕೂಡ್ರಲಾರದು. ಬಂದವನಿಗೂ ಇದ್ದವನಿಗೂ ಒಂದೇ ನ್ಯಾಯದ ನೆರಳು ದೊರೆತ ನಾಡಿನಲ್ಲಿ ವಲಸೆಯು ವರವಾಗುತ್ತದೆ. ಆ ನೆರಳು ಇಲ್ಲದ ನಾಡಿನಲ್ಲಿ ಅದೇ ವಲಸೆಯು ಮೊದಲು ಸಂಪತ್ತಾಗಿ, ಬಳಿಕ ಮತ್ಸರವಾಗಿ, ಕೊನೆಗೆ ಹೆಣಗಳ ಸಾಲಾಗಿ ಪರಿಣಮಿಸುತ್ತದೆಂಬದಕ್ಕೆ ಬ್ರಹ್ಮದೇಶದ ಇತಿಹಾಸವೇ ಸಾಕ್ಷಿಯಾಗಿದೆ.